ಜಾಮೀನು ವಿವಾದಗಳು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ

ಕೊಲೆ, ಅತ್ಯಾಚಾರ, ಗುಂಪು ಹಲ್ಲೆಯಂಥ ಘೋರ ಅಪರಾಧಗಳ ಆರೋಪಿಗಳನ್ನು ವಿಚಾರಣೆ ಮುಗಿಯುವ ಮೊದಲೇ ಜಾಮೀನಿನ ಮೇಲೆ ಬಿಡಬಹುದೇ ಎಂಬ ತಕರಾರು ಕರ್ನಾಟಕದಲ್ಲಿ ಹಳೆಯದು. ರಾಮನಗರ ಸೀಮೆಯಲ್ಲಿ ಆ ತಕರಾರಿಗೆ ಎರಡು ಊರುಗಳ ಹೆಸರು ಅಂಟಿಕೊಂಡಿದೆ: ಮೈಸೂರು ರಸ್ತೆಯ ಬಿಡದಿ ಮತ್ತು ಕನಕಪುರ ತಾಲ್ಲೂಕಿನ ಸಾತನೂರು. ಮೊದಲನೆಯದು ಆಶ್ರಮವೊಂದರ ಅತ್ಯಾಚಾರ ಪ್ರಕರಣ. ಎರಡನೆಯದು ರಾತ್ರಿ ಹೊತ್ತು ಜಾನುವಾರು ವಾಹನ ತಡೆದ ಮೇಲೆ ಸಂಭವಿಸಿದ ಸಾವು. ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರ ಆಗಸ್ಟ್ 23ರಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಈ ಜಿಲ್ಲೆ ಹುಟ್ಟಿತು. 2025ರ ಮೇ ತಿಂಗಳಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಇಲ್ಲಿ ಹೇಳುವ ಸ್ಥಳೀಯ ಪ್ರಕರಣಗಳೆಲ್ಲ ಹಳೆಯ ಹೆಸರಿನ ಕಾಲದವಾದ್ದರಿಂದ ಲೇಖನದಲ್ಲಿ ರಾಮನಗರ ಎಂದೇ ಬಳಸಲಾಗಿದೆ.

ಜನರ ಸಿಟ್ಟು ಬೀಳುವುದು ಜಾಮೀನು ಕೊಟ್ಟ ದಿನದ ಆದೇಶದ ಮೇಲೆ. ಆದರೆ ಈ ಸೀಮೆಯ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಕೆಟ್ಟಿರುವುದು ಬಹುಪಾಲು ಆದೇಶವಲ್ಲ, ಅದರ ನಂತರದ ವರ್ಷಗಳು. ತೀರ್ಪು ಬಾರದೆ ಹೋದಾಗ ಜಾಮೀನೇ ತೀರ್ಪಿನ ಜಾಗದಲ್ಲಿ ಕೂರುತ್ತದೆ. ‘ಬೇಲ್ ಸಿಕ್ತಂತೆ’ ಎಂದರೆ ‘ಕೇಸು ಬಿದ್ದುಹೋಯ್ತಂತೆ’ ಎಂದೇ ಜನ ತಿಳಿಯುವುದಕ್ಕೆ ಅವರ ಅಜ್ಞಾನವೊಂದೇ ಕಾರಣವಲ್ಲ. ಎಷ್ಟೋ ಪ್ರಕರಣಗಳಲ್ಲಿ ಜಾಮೀನಿನ ಆಚೆಗೆ ಅವರ ಕಣ್ಣಿಗೆ ಬೀಳುವಂಥದ್ದು ಏನೂ ನಡೆಯುವುದಿಲ್ಲ.

ಕಾನೂನಿನ ಚೌಕಟ್ಟು

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಜಾಮೀನಿನ ಕಲಮುಗಳ ಸಂಖ್ಯೆ ಬದಲಾಗಿದೆ, ಹೂರಣ ಹೆಚ್ಚು ಬದಲಾಗಿಲ್ಲ. ವಕೀಲರು ಇಂದಿಗೂ ಬಾಯಿತಪ್ಪಿ ‘439 ಹಾಕಿದ್ದೀವಿ’ ಎನ್ನುವ ಅರ್ಜಿ ಈಗ 483ನೇ ಕಲಮಿನದು. ಹಳೆಯ 437 ಈಗ 480, ನಿರೀಕ್ಷಣಾ ಜಾಮೀನಿನ 438 ಈಗ 482.

ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧ ಮಾಡಿದ್ದಾನೆಂದು ನಂಬಲು ಸಕಾರಣಗಳಿದ್ದರೆ ಆರೋಪಿಯನ್ನು ಬಿಡಬಾರದು ಎಂಬುದು ಮ್ಯಾಜಿಸ್ಟ್ರೇಟರಿಗೆ ಹಾಕಿದ ಕಟ್ಟು. ಮಹಿಳೆಯರು, ಮಕ್ಕಳು, ಕಾಯಿಲೆಯವರಿಗೆ ವಿನಾಯಿತಿ ಇದೆ. ಸೆಷನ್ಸ್ ನ್ಯಾಯಾಲಯ ಮತ್ತು ಹೈಕೋರ್ಟಿಗೆ ಆ ಕಟ್ಟಿಲ್ಲ, ವಿವೇಚನೆ ಇದೆ. ಹಾಗಾಗಿ ಮಾಗಡಿಯಲ್ಲೋ ಚನ್ನಪಟ್ಟಣದಲ್ಲೋ ಕೊಲೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಕಳುಹಿಸಿದರೂ ನಿಜವಾದ ಜಾಮೀನು ವಾದ ನಡೆಯುವುದು ಸೆಷನ್ಸ್ ನ್ಯಾಯಾಲಯದಲ್ಲಿ. ಅಲ್ಲಿ ಸೋತರೆ ಬೆಂಗಳೂರಿನ ಹೈಕೋರ್ಟು.

ವಿವೇಚನೆ ಎಂದರೆ ಮನಸ್ಸಿಗೆ ಬಂದಂತೆ ಎಂದಲ್ಲ. 1977ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ರಾಜಸ್ಥಾನದ ಬಾಲ್‌ಚಂದ್ ಪ್ರಕರಣದಲ್ಲಿ ಜಾಮೀನೇ ಮೂಲ ನಿಯಮ, ಜೈಲು ಅಪವಾದ ಎಂಬ ನಿಲುವನ್ನು ಸ್ಪಷ್ಟವಾಗಿ ಹೇಳಿದರು. ಆದರೆ ಅದೇ ಸುಪ್ರೀಂ ಕೋರ್ಟ್ 2004ರ ಕಲ್ಯಾಣ್ ಚಂದ್ರ ಸರ್ಕಾರ್, 2010ರ ಪ್ರಶಾಂತ ಕುಮಾರ್ ಸರ್ಕಾರ್ ಪ್ರಕರಣಗಳಲ್ಲಿ ಘೋರ ಅಪರಾಧಗಳಿಗೆ ಬೇರೆ ತೂಕದ ಕಲ್ಲು ಇಟ್ಟಿತು: ಆರೋಪದ ಸ್ವರೂಪ, ಮೇಲ್ನೋಟದ ಸಾಕ್ಷ್ಯ, ಶಿಕ್ಷೆಯ ಪ್ರಮಾಣ, ಆರೋಪಿ ಓಡಿಹೋಗುವ ಸಂಭವ, ಸಾಕ್ಷಿಗಳನ್ನು ಬೆದರಿಸುವ ಸಂಭವ ಇಷ್ಟನ್ನೂ ನೋಡಬೇಕು, ನೋಡಿದ್ದನ್ನು ಆದೇಶದಲ್ಲಿ ಕಾಣಿಸಬೇಕು. ಕಾರಣ ಬರೆಯದೆ ಕೊಟ್ಟ ಜಾಮೀನು ಮೇಲಿನ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಕಾರಣ ವಿಪರೀತ ಬರೆದರೂ ತೊಂದರೆಯೇ, ಸಾಕ್ಷ್ಯವನ್ನು ಮೊದಲೇ ತೂಗಿ ತೀರ್ಪು ಕೊಟ್ಟಂತಾಗುತ್ತದೆ. ಮುಂದೆ ಹೇಳುವ ನಟ ದರ್ಶನ್ ಪ್ರಕರಣದಲ್ಲಿ ಇದೇ ಆಯಿತು.

ಇನ್ನೊಂದು ಬಗೆ ಇದೆ, ಜನರಿಗೆ ಅತಿ ಹೆಚ್ಚು ಗೊಂದಲ ತರುವುದು ಅದೇ. ಕೊಲೆಯಂಥ ಪ್ರಕರಣದಲ್ಲಿ 90 ದಿನದೊಳಗೆ, ಕಡಿಮೆ ಶಿಕ್ಷೆಯವುಗಳಲ್ಲಿ 60 ದಿನದೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಬಿಡುತ್ತದೆ. ಅಲ್ಲಿ ನ್ಯಾಯಾಧೀಶರು ಅಪರಾಧ ಎಷ್ಟು ಘೋರ ಎಂದು ನೋಡುವಂತಿಲ್ಲ, ಕ್ಯಾಲೆಂಡರ್ ನೋಡಬೇಕು. ಮರುದಿನ ಬೈಗುಳ ಬೀಳುವುದು ಮಾತ್ರ ನ್ಯಾಯಾಧೀಶರಿಗೆ, ಗಡುವು ತಪ್ಪಿಸಿದ ತನಿಖಾಧಿಕಾರಿಗಲ್ಲ.

ಶ್ಯೂರಿಟಿ ಮತ್ತು ಪಹಣಿ

ಆದೇಶ ಬಂದ ಕೂಡಲೇ ಬಾಗಿಲು ತೆರೆಯುವುದಿಲ್ಲ. ವೈಯಕ್ತಿಕ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಜಾಮೀನುದಾರರು ಎಂಬುದು ಸಾಮಾನ್ಯ ಷರತ್ತು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆಧಾರ್ ಕಾರ್ಡು, ಪಾಸ್‌ಪೋರ್ಟ್ ಸೈಜಿನ ಫೋಟೊ ಹಿಡಿದು ಕಾಯುವ ರೈತ ಸಾಮಾನ್ಯವಾಗಿ ಯಾರದೋ ‘ಶ್ಯೂರಿಟಿಗೆ ಬಂದವನು’. ಅವನು ಪ್ರಮಾಣಪತ್ರ ಕೊಡಬೇಕು, ಬೇರೆ ಯಾರಿಗೆಲ್ಲ ಶ್ಯೂರಿಟಿ ನಿಂತಿದ್ದಾನೆಂದು ಹೇಳಬೇಕು, ಜಮೀನಿನ ಬೆಲೆ ಬಾಂಡಿನ ಮೊತ್ತಕ್ಕೆ ಸಾಲುತ್ತದೆಂದು ನ್ಯಾಯಾಲಯಕ್ಕೆ ತೋರಬೇಕು. ಆಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗಬೇಕು. ಸಂಜೆ ಬೀಗ ಹಾಕುವ ಹೊತ್ತಿನೊಳಗೆ ತಲುಪದಿದ್ದರೆ ಇನ್ನೊಂದು ರಾತ್ರಿ ಒಳಗೇ.

ಬೆಂಗಳೂರಿನ ಮಗ್ಗುಲಿನ ಈ ಸೀಮೆಯಲ್ಲಿ, ಬಿಡದಿ, ಹಾರೋಹಳ್ಳಿ ಕಡೆ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಎಕರೆಯ ಬೆಲೆ ಎಲ್ಲಿಗೋ ಹೋಗಿದೆ. ಜಮೀನಿದ್ದ ಮನೆಗೆ ಶ್ಯೂರಿಟಿ ಹೊರೆಯಲ್ಲ, ಒಂದು ಪಹಣಿ ಸಾಕು. ರಾಮನಗರ, ಮಾಗಡಿ, ಕನಕಪುರದ ಕಾಡಂಚಿನ ಇರುಳಿಗರಂಥ, ಪಹಣಿಯಲ್ಲಿ ಹೆಸರೇ ಇಲ್ಲದ ಕುಟುಂಬಗಳಿಗೆ ಅದೇ ಷರತ್ತು ಗೋಡೆ. 1978ರ ಮೋತಿರಾಂ ಪ್ರಕರಣದ ಕಥೆಯೂ ಇದೇ. ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿ, ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ತಳ್ಳಿಹಾಕಿದ್ದ ಮ್ಯಾಜಿಸ್ಟ್ರೇಟರ ಆದೇಶವನ್ನು ಸುಪ್ರೀಂ ಕೋರ್ಟ್ ಸರಿಪಡಿಸಿ ಮೊತ್ತವನ್ನು ಸಾವಿರಕ್ಕೆ ಇಳಿಸಿತು. 2023ರ ಜನವರಿ 31ರಂದು ಅದೇ ನ್ಯಾಯಾಲಯ, ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡು ಕೊಡಲಾಗದೆ ಒಳಗೇ ಉಳಿದವರ ಷರತ್ತನ್ನು ಕೆಳಗಿನ ನ್ಯಾಯಾಲಯಗಳು ತಾವಾಗಿಯೇ ಮರುಪರಿಶೀಲಿಸಬಹುದು ಎಂದಿತು. ದುಡ್ಡು ತೆಗೆದುಕೊಂಡು ನಕಲಿ ದಾಖಲೆಯ ಮೇಲೆ ಶ್ಯೂರಿಟಿ ನಿಲ್ಲುವ ಜಾಲಗಳು ಬೆಂಗಳೂರಿನಲ್ಲಿ ಆಗಾಗ ಸಿಕ್ಕಿಬೀಳುತ್ತಿರುವುದಕ್ಕೂ ಈ ಷರತ್ತೇ ಮೂಲ.

ಟಿ.ವಿ. ಚರ್ಚೆಗಳಲ್ಲಿ ಈ ಭಾಗ ಬರುವುದೇ ಇಲ್ಲ. ಜಾಮೀನು ‘ಸುಲಭವಾಗಿ ಸಿಗುತ್ತದೆ’ ಎಂಬ ಮಾತು ಯಾರಿಗೆ ನಿಜ, ಯಾರಿಗೆ ಸುಳ್ಳು ಎಂಬುದು ಗೊತ್ತಾಗುವುದು ಶ್ಯೂರಿಟಿಯ ಸಾಲಿನಲ್ಲೇ.

ಬಿಡದಿ ಆಶ್ರಮ ಪ್ರಕರಣ

ಜಿಲ್ಲೆಯ ಅತ್ಯಂತ ದೀರ್ಘ ಜಾಮೀನು ವಿವಾದ ಬಿಡದಿಯ ನಿತ್ಯಾನಂದ ಧ್ಯಾನಪೀಠದ್ದು. 2010ರ ಮಾರ್ಚ್ 2ರಂದು ತಮಿಳು ವಾಹಿನಿಯೊಂದು ಪೀಠದ ಮುಖ್ಯಸ್ಥ ನಿತ್ಯಾನಂದನ ದೃಶ್ಯಾವಳಿ ಪ್ರಸಾರ ಮಾಡಿದ್ದರೊಂದಿಗೆ ಅದು ಶುರುವಾಯಿತು. ದೂರು ಕೊಟ್ಟವನು ನಿತ್ಯಾನಂದನ ಹಿಂದಿನ ಕಾರು ಚಾಲಕ. ಚೆನ್ನೈನಲ್ಲಿ ದಾಖಲಾದ ಪ್ರಕರಣ ಕರ್ನಾಟಕಕ್ಕೆ ವರ್ಗವಾಗಿ ಸಿಐಡಿ ಕೈಗೆ ಬಂತು. ಅತ್ಯಾಚಾರ, ಅನೈಸರ್ಗಿಕ ಲೈಂಗಿಕ ಕ್ರಿಯೆ, ವಂಚನೆ, ಸಂಚು ಮುಂತಾದ ಆರೋಪಗಳು. ಏಪ್ರಿಲ್ 21ರಂದು ಹಿಮಾಚಲ ಪ್ರದೇಶದ ಅರ್ಕಿಯಲ್ಲಿ ಬಂಧನವಾಯಿತು. ಜೂನ್ 11ರಂದು ಹೈಕೋರ್ಟ್ ಜಾಮೀನು ನೀಡಿತು.

ಆ ಜಾಮೀನನ್ನು ಅಂದಿನ ಮಟ್ಟಿಗೆ ಅಚ್ಚರಿಯದ್ದು ಎನ್ನಲಾಗದು. ಆರೋಪಿ ಹೆಚ್ಚುಕಡಿಮೆ 50 ದಿನ ಬಂಧನದಲ್ಲಿದ್ದ, ಆಶ್ರಮವೆಂಬ ಕಾಯಂ ನೆಲೆ ಇತ್ತು, ತನಿಖೆಯ ಮುಖ್ಯ ಭಾಗಕ್ಕೆ ಆತ ಒಳಗಿರಲೇಬೇಕೆಂಬ ಅಗತ್ಯ ಕ್ರಮೇಣ ಕಡಿಮೆಯಾಗುತ್ತಿತ್ತು. ಸಿಐಡಿ ಅದೇ ವರ್ಷದ ಕೊನೆಯ ಭಾಗದಲ್ಲಿ ಆರೋಪಪಟ್ಟಿಯನ್ನೂ ಸಲ್ಲಿಸಿತು. ಒಂದೆರಡು ವರ್ಷದಲ್ಲಿ ರಾಮನಗರದ ಸೆಷನ್ಸ್ ನ್ಯಾಯಾಲಯ ವಿಚಾರಣೆ ಮುಗಿಸಿದ್ದರೆ ಈ ಜಾಮೀನಿನ ಬಗ್ಗೆ ಇಂದು ಯಾರೂ ಮಾತಾಡುತ್ತಿರಲಿಲ್ಲ.

ಹಾಗಾಗಲಿಲ್ಲ. 2012ರ ಜೂನ್ ತಿಂಗಳಲ್ಲಿ ಆಶ್ರಮದ ಪತ್ರಿಕಾಗೋಷ್ಠಿಯಲ್ಲಿ ನಡೆದ ಗಲಾಟೆ ಮತ್ತೊಂದು ಪ್ರಕರಣವಾಯಿತು. ಕನ್ನಡ ಸಂಘಟನೆಗಳು ಬೀದಿಗಿಳಿದವು, ಡಿ.ವಿ. ಸದಾನಂದ ಗೌಡರ ಸರ್ಕಾರ ಬಂಧನಕ್ಕೆ ಆದೇಶಿಸಿತು. ಜೂನ್ 13ರಂದು ನಿತ್ಯಾನಂದ ರಾಮನಗರ ನ್ಯಾಯಾಲಯಕ್ಕೆ ಶರಣಾದ. 14ರಂದು ಜಾಮೀನು ಸಿಕ್ಕಿತು. ಅದೇ ದಿನ ಪೊಲೀಸರು ಶಾಂತಿಭಂಗದ ಮುನ್ನೆಚ್ಚರಿಕೆ ಎಂದು ಮತ್ತೆ ಹಿಡಿದು ಮೈಸೂರು ಜೈಲಿಗೆ ಕಳುಹಿಸಿದರು. 15ರಂದು ಆತ ಮತ್ತೆ ಹೊರಗೆ. ಮೂರು ದಿನದ ಈ ಓಡಾಟದಿಂದ ಬೀದಿಯ ಸಿಟ್ಟು ತಣಿಯಿತು ಅಷ್ಟೇ, 2010ರ ಮೂಲ ಪ್ರಕರಣ ಒಂದು ಹೆಜ್ಜೆಯೂ ಮುಂದೆ ಸರಿಯಲಿಲ್ಲ. ಜಾಮೀನು ಕೊಟ್ಟ ನ್ಯಾಯಾಲಯದ ಮೇಲೆ ಸಿಟ್ಟಾದ ಸರ್ಕಾರಗಳು ಮುನ್ನೆಚ್ಚರಿಕೆ ಬಂಧನದ ದಾರಿ ಹಿಡಿಯುವುದು ಜಿಲ್ಲೆಯ ಮಟ್ಟಿಗೆ ಇಲ್ಲಿಂದ ಶುರು ಎನ್ನಬಹುದು. ಮುಂದೆ ಸಾತನೂರಿನ ಪ್ರಕರಣದಲ್ಲೂ ಇದರ ಮರುಕಳಿಕೆ ಕಾಣುತ್ತದೆ.

ಆಮೇಲಿನ ವರ್ಷಗಳು ವೈದ್ಯಕೀಯ ಪರೀಕ್ಷೆಯ ಜಗಳಕ್ಕೆ ಹೋದವು. ಪುರುಷತ್ವ ಪರೀಕ್ಷೆಗೆ ಆರೋಪಿ ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿ, 2014ರ ಸೆಪ್ಟೆಂಬರಿನಲ್ಲಿ ಅಲ್ಲಿಯೂ ಅರ್ಜಿ ಬಿದ್ದ ಮೇಲೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯಿತು. ಒಂದು ಪರೀಕ್ಷೆಗೆ ನಾಲ್ಕು ವರ್ಷ. ಆರೋಪದಿಂದ ಕೈಬಿಡಬೇಕೆಂಬ ಅರ್ಜಿಗಳು 2018ರ ಮಧ್ಯದವರೆಗೆ ಎಳೆದವು. ಅವೂ ಮುಗಿದು ಸಾಕ್ಷಿಗಳ ವಿಚಾರಣೆ ನಡೆಯಬೇಕಾದ ಹೊತ್ತಿಗೆ ಆರೋಪಿ ನ್ಯಾಯಾಲಯಕ್ಕೆ ಬರುವುದನ್ನೇ ನಿಲ್ಲಿಸಿದ. ಪ್ರತಿ ಬಾರಿಯೂ ಹಾಜರಾತಿಯಿಂದ ವಿನಾಯಿತಿ ಕೋರಿ ಅರ್ಜಿ, ಪ್ರತಿ ಬಾರಿಯೂ ಮುಂದಿನ ದಿನಾಂಕ. ಆತನ ಪಾಸ್‌ಪೋರ್ಟಿನ ಅವಧಿ 2018ರಲ್ಲೇ ಮುಗಿದಿತ್ತು, ನವೀಕರಣವಾಗಿರಲಿಲ್ಲ. ಆದರೂ 2019ರ ಕೊನೆಗೆ ಆತ ದೇಶದೊಳಗಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ‘ಕೈಲಾಸ’ ಎಂಬ ಸ್ವಂತ ರಾಷ್ಟ್ರದ ಘೋಷಣೆ ಇಂಟರ್‌ನೆಟ್‌ನಲ್ಲಿ ಹೊರಬಿತ್ತು. ಗುಜರಾತಿನ ಬೇರೆ ಪ್ರಕರಣದಲ್ಲಿ ಅಲ್ಲಿನ ಪೊಲೀಸರ ಕೋರಿಕೆಯ ಮೇಲೆ 2020ರ ಜನವರಿಯಲ್ಲಿ ಇಂಟರ್‌ಪೋಲ್ ನೀಲಿ ನೋಟಿಸ್ ಹೊರಡಿಸಿತು.

ಜಾಮೀನು ರದ್ದು ಮಾಡಿ ಎಂದು ಹೈಕೋರ್ಟಿನ ಬಾಗಿಲು ಬಡಿದವರು ಯಾರು ಎಂಬುದನ್ನು ಗಮನಿಸಬೇಕು. ಸರ್ಕಾರವಲ್ಲ, ಹಳೆಯ ದೂರುದಾರ. ಹೈಕೋರ್ಟ್ ನೋಟಿಸ್ ಜಾರಿ ಮಾಡಲು ಹೇಳಿದಾಗ ಸಿಐಡಿ ಅಧಿಕಾರಿ ಬಿಡದಿಗೆ ಹೋಗಿ ಬಂದು ಸಲ್ಲಿಸಿದ ವರದಿಯಲ್ಲಿ, ನಿತ್ಯಾನಂದ ‘ಆಧ್ಯಾತ್ಮಿಕ ಪ್ರವಾಸ’ದಲ್ಲಿರುವುದರಿಂದ ಖುದ್ದಾಗಿ ನೋಟಿಸ್ ಕೊಡಲಾಗಲಿಲ್ಲ, ಆಶ್ರಮದ ಶಿಷ್ಯೆಯೊಬ್ಬರಿಗೆ ಕೊಟ್ಟು ಬಂದಿದ್ದೇವೆ ಎಂದಿತ್ತು. ಆತ ಎಲ್ಲಿದ್ದಾನೆಂದು ಇಡೀ ದೇಶದ ಪತ್ರಿಕೆಗಳು ಊಹಿಸುತ್ತಿದ್ದ ದಿನಗಳಲ್ಲಿ ತನಿಖಾ ಸಂಸ್ಥೆ ಹೈಕೋರ್ಟಿಗೆ ಕೊಟ್ಟ ಉತ್ತರ ಇದು. 2020ರ ಫೆಬ್ರುವರಿ 5ರಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರು ಹತ್ತು ವರ್ಷ ಹಿಂದಿನ ಜಾಮೀನನ್ನು ರದ್ದುಗೊಳಿಸಿದರು. ಆರೋಪಿಯನ್ನು ಕರೆತರಲು ಕ್ರಮ ಕೈಗೊಳ್ಳುವಂತೆ ರಾಮನಗರದ ನ್ಯಾಯಾಲಯಕ್ಕೆ ಹೇಳಿದರು. ಅಲ್ಲಿಂದ ವಾರಂಟುಗಳ ಮೇಲೆ ವಾರಂಟು. 2022ರ ಆಗಸ್ಟಿನಲ್ಲಿ ನ್ಯಾಯಾಲಯ ಗಡುವೇ ಇಲ್ಲದ ಜಾಮೀನು ರಹಿತ ವಾರಂಟ್ ಹೊರಡಿಸಿತು.

ಘೋರ ಅಪರಾಧಕ್ಕೆ ಜಾಮೀನು ಕೊಟ್ಟರೆ ಹೀಗೇ ಆಗುತ್ತದೆ ಎನ್ನುವವರು ಮೊದಲು ತೋರಿಸುವುದು ಬಿಡದಿಯನ್ನು. ವಾದ ಪೂರ್ತಿ ತಪ್ಪಲ್ಲ, ಆರೋಪಿ ಓಡಿಹೋದದ್ದು ನಿಜ. ಆದರೆ ಓಡಿದ್ದು ಜಾಮೀನು ಸಿಕ್ಕ ಎಂಟನೆಯ ವರ್ಷದ ಆಸುಪಾಸಿನಲ್ಲಿ. ಅಷ್ಟು ವರ್ಷ ಒಬ್ಬ ವಿಚಾರಣಾಧೀನನನ್ನು ತೀರ್ಪಿಲ್ಲದೆ ಒಳಗಿಡಬೇಕಿತ್ತು ಎಂದು ಹೇಳಲು ಯಾರಿಗೂ ಬಾಯಿ ಬರದು. ದೂರು ಕೊಟ್ಟವರ ಪಾಲಿಗೂ, ಆರೋಪ ಸುಳ್ಳೆನ್ನುವ ಆರೋಪಿಯ ಪಾಲಿಗೂ ಆ ಪ್ರಕರಣ ತೀರ್ಮಾನ ಕಾಣದೆಯೇ ಉಳಿಯಿತು.

ಸಾತನೂರು, 2023

2023ರ ಮಾರ್ಚ್ 31ರ ರಾತ್ರಿ ಸಾತನೂರಿನಲ್ಲಿ ಜಾನುವಾರು ತುಂಬಿದ ಕ್ಯಾಂಟರ್ ಒಂದನ್ನು ಗೋರಕ್ಷಕರ ಗುಂಪು ತಡೆಯಿತು. ವಾಹನದಲ್ಲಿದ್ದ ಮಂಡ್ಯದ ವ್ಯಕ್ತಿಯ ಶವ ಮರುದಿನ ಅಲ್ಲೇ ಸಮೀಪ ಸಿಕ್ಕಿತು. ಎರಡು ಲಕ್ಷ ರೂಪಾಯಿ ಕೇಳಿದರು, ಕೊಡದಿದ್ದಾಗ ಅಟ್ಟಿಸಿಕೊಂಡು ಹೋಗಿ ಹೊಡೆದರು ಎಂದು ಮೃತನ ಕಡೆಯವರು ದೂರು ಕೊಟ್ಟರು. ಗುಂಪಿನ ನಾಯಕ ಪುನೀತ್ ಕೆರೆಹಳ್ಳಿ ಮತ್ತು ಸಂಗಡಿಗರ ಮೇಲೆ ಕೊಲೆ ಪ್ರಕರಣ ದಾಖಲಾಯಿತು. ಕೆರೆಹಳ್ಳಿ ಕೊಟ್ಟ ದೂರಿನ ಮೇಲೆ ವಾಹನದವರ ವಿರುದ್ಧ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಡಿ ಮತ್ತೊಂದು ಪ್ರಕರಣ. ಏಪ್ರಿಲ್ 5ರಂದು ಐವರು ರಾಜಸ್ಥಾನದಲ್ಲಿ ಸಿಕ್ಕರು. ಮೇ ತಿಂಗಳಲ್ಲಿ ಜಾಮೀನು ದೊರೆಯಿತು.

ಹೊತ್ತು ಎಂಥದ್ದೆಂದರೆ, ವಿಧಾನಸಭಾ ಚುನಾವಣೆ ಘೋಷಣೆಯಾದದ್ದು ಘಟನೆಗೆ ಎರಡು ದಿನ ಮೊದಲು. ಮತದಾನ ಮೇ 10ರಂದು, ಎಣಿಕೆ 13ರಂದು. ಊರು ಸಾತನೂರು: ಡಿ.ಕೆ. ಶಿವಕುಮಾರ್ 1989ರಿಂದ ನಾಲ್ಕು ಸಲ ಗೆದ್ದ, ಮರುವಿಂಗಡಣೆಯಲ್ಲಿ ಅಳಿಸಿಹೋದ ಕ್ಷೇತ್ರದ ಹೆಸರೂ ಅದೇ. ಅಂದಿನ ವಿರೋಧ ಪಕ್ಷ ಬೊಮ್ಮಾಯಿ ಸರ್ಕಾರದ ಮೇಲೆ ಮುಗಿಬಿತ್ತು. ಜಾಮೀನು ಸಿಕ್ಕ ತಿಂಗಳಲ್ಲೇ ಸರ್ಕಾರ ಬದಲಾಯಿತು. ಹಾಗಾಗಿ ಒಂದು ಕಡೆಯವರು ಹಳೆಯ ಸರ್ಕಾರದ ಪೊಲೀಸರು ಕೇಸು ಸಡಿಲ ಮಾಡಿದರು ಎಂದರು, ಇನ್ನೊಂದು ಕಡೆಯವರು ಕೊಲೆಯೇ ಅಲ್ಲದ್ದನ್ನು ಕೊಲೆಯಾಗಿಸಿದ್ದಾರೆ, ಜಾಮೀನೇ ಅದಕ್ಕೆ ಸಾಕ್ಷಿ ಎಂದರು. ಎರಡೂ ಅತಿ. ಜಾಮೀನು ಸಿಕ್ಕಿತೆಂದರೆ ಆರೋಪ ಸುಳ್ಳು ಎಂದಾಗುವುದಿಲ್ಲ. ಮೃತನ ಮೈಮೇಲಿನ ಗುರುತು, ಸಾವಿನ ಕಾರಣದ ಬಗ್ಗೆ ವೈದ್ಯರ ಅಭಿಪ್ರಾಯ, ಆ ರಾತ್ರಿ ಯಾರು ಎಲ್ಲಿದ್ದರು ಎಂಬುದು ಇವೆಲ್ಲ ವಿಚಾರಣೆಯಲ್ಲಿ ಒರೆಗೆ ಬರಬೇಕಾದವು. ಗುಂಪು ಹಲ್ಲೆಯ ಕೊಲೆ ಪ್ರಕರಣಗಳಲ್ಲಿ ಸಾವಿಗೆ ಯಾರ ಏಟು ಕಾರಣ ಎಂಬ ಪ್ರಶ್ನೆ ಜಾಮೀನಿನ ಹಂತದಲ್ಲೇ ಎದ್ದು ನಿಲ್ಲುತ್ತದೆ, ಮರಣೋತ್ತರ ವರದಿ ತಡವಾದಷ್ಟೂ ಆರೋಪಿಗೆ ಅನುಕೂಲ. ಚುನಾವಣೆಯ ಭಾಷಣಗಳಲ್ಲಿ ಈ ಮಾತಿಗೆ ಜಾಗವಿರಲಿಲ್ಲ.

ಆಗಸ್ಟಿನಲ್ಲಿ ಬೆಂಗಳೂರು ಪೊಲೀಸರು ಕೆರೆಹಳ್ಳಿಯನ್ನು 1985ರ ಗೂಂಡಾ ಕಾಯ್ದೆಯಡಿ ಬಂಧಿಸಿದರು. ಆ ಆದೇಶ ಹೆಚ್ಚು ದಿನ ನಿಲ್ಲಲಿಲ್ಲ. ಗೂಂಡಾ ಕಾಯ್ದೆಯ ಬಂಧನಕ್ಕೆ ಆರೋಪಪಟ್ಟಿ ಬೇಡ, ವಿಚಾರಣೆ ಬೇಡ, ಸಲಹಾ ಮಂಡಳಿ ಒಪ್ಪಿದರೆ ವರ್ಷದವರೆಗೂ ಇಡಬಹುದು. ಜಾಮೀನಿನಿಂದ ಬೇಸತ್ತವರಿಗೆ ಇದು ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಅದು ಹಿಂದಿನ ಅಪರಾಧವನ್ನು ಸಾಬೀತು ಮಾಡುವುದಿಲ್ಲ, ಮುಂದಿನದನ್ನು ಊಹಿಸುತ್ತದೆ. ಊಹೆ ಮಂಡಳಿಯ ಮುಂದೆ ಬಿದ್ದುಹೋದರೆ ಆರೋಪಿ ‘ಗೆದ್ದು’ ಬಂದ ಹಾಗೆ ಮೆರೆಯುತ್ತಾನೆ. ಸಾತನೂರಿನ ರಾತ್ರಿ ಏನಾಯಿತು ಎಂಬುದಕ್ಕೆ ಆ ಬಂಧನದಿಂದ ಉತ್ತರ ಸಿಗುವಂತಿರಲಿಲ್ಲ.

ಇನ್ನೆರಡು ಸಂಗತಿ

2020ರ ಏಪ್ರಿಲ್ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮತ್ತು ಪೊಲೀಸರ ಮೇಲೆ ನಡೆದ ದಾಳಿಯ ಆರೋಪಿಗಳನ್ನು ರಾಮನಗರದ ಜೈಲಿಗೆ ತಂದಿಟ್ಟದ್ದು ಬೇರೆ ಬಗೆಯ ಗಲಾಟೆ. ಆಗ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣವಿರಲಿಲ್ಲ. ಕೆಲವೇ ದಿನದಲ್ಲಿ ಆರೋಪಿಗಳಲ್ಲಿ ಕೆಲವರಿಗೆ ಸೋಂಕು ಕಂಡು, ಎಚ್.ಡಿ. ಕುಮಾರಸ್ವಾಮಿ ಅವರು ಸರ್ಕಾರದ ಮೇಲೆ ಹರಿಹಾಯ್ದು, ಎಲ್ಲರನ್ನೂ ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಬೇಕಾಯಿತು. ಮೇ ಕೊನೆಯಲ್ಲಿ ಹೈಕೋರ್ಟ್ ಒಟ್ಟಿಗೆ 126 ಮಂದಿಗೆ ಷರತ್ತಿನ ಜಾಮೀನು ಕೊಟ್ಟಿತು. ನೂರಾರು ಜನರ ಗುಂಪಿನಲ್ಲಿ ಕಲ್ಲು ಹಿಡಿದವನು ಯಾರು, ಸುಮ್ಮನೆ ಬಾಗಿಲಲ್ಲಿ ನಿಂತವನು ಯಾರು ಎಂದು ಬಿಡಿಸಿ ಹೇಳಲು ಪೊಲೀಸರಿಗೆ ಆಗದಿದ್ದಾಗ ಎಲ್ಲರಿಗೂ ಒಂದೇ ಆದೇಶ ಬರುವುದು ಸಹಜ.

2024ರ ಜುಲೈನಲ್ಲಿ ಕನಕಪುರದ ಮಳಗಾಳಿನಲ್ಲಿ ಗುಂಪೊಂದು ಪರಿಶಿಷ್ಟ ಜಾತಿಯ ಯುವಕನ ಕೈ ಕತ್ತರಿಸಿತು. ಹಿಡಿಯುವಾಗ ಪೊಲೀಸರು ಗುಂಡು ಹಾರಿಸಿದರು, ಬೀದಿಯಲ್ಲಿ ಅದಕ್ಕೆ ಮೆಚ್ಚುಗೆಯೂ ಸಿಕ್ಕಿತು. ಇಂಥ ಪ್ರಕರಣಕ್ಕೆ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಿದಾಗ ನಿರೀಕ್ಷಣಾ ಜಾಮೀನಿಗೆ ದಾರಿ ಮುಚ್ಚುತ್ತದೆ. 15ಎ ಕಲಮಿನಂತೆ ಜಾಮೀನು ಅರ್ಜಿಯ ವಿಷಯವನ್ನು ಸಂತ್ರಸ್ತರಿಗೆ ತಿಳಿಸಲೇಬೇಕು, ಅವರ ಮಾತು ಕೇಳಲೇಬೇಕು. ನೋಟಿಸ್ ಕೊಡದೆ ನೀಡಿದ ಜಾಮೀನನ್ನು ಸುಪ್ರೀಂ ಕೋರ್ಟ್ 2021ರ ಹರಿರಾಂ ಭಂಭಿ ಪ್ರಕರಣದಲ್ಲಿ ರದ್ದು ಮಾಡಿದೆ. 2022ರ ಏಪ್ರಿಲ್‌ನಲ್ಲಿ ಲಖಿಂಪುರ ಖೇರಿ ಪ್ರಕರಣದ ಆಶಿಶ್ ಮಿಶ್ರಾ ಜಾಮೀನು ರದ್ದಾದಾಗ ಈ ಹಕ್ಕು ಎಲ್ಲ ಸಂತ್ರಸ್ತರಿಗೂ ಇದೆ ಎಂದಿತು. ಕಾಗದದ ಮೇಲೆ ಬಂದಿರುವ ಈ ಹಕ್ಕು ಹಳ್ಳಿಯ ಮನೆಗೆ ತಲುಪುವುದು ಠಾಣೆಯ ಪೇದೆ ನೋಟಿಸ್ ಹಿಡಿದು ಹೋದಾಗ ಮಾತ್ರ. ಆರೋಪಿ ಊರಿಗೆ ಮರಳಿ ಬಂದು ಎದುರಿಗೆ ನಿಂತ ಮೇಲೆಯೇ ‘ಬೇಲ್ ಆಯ್ತಾ?’ ಎಂದು ಕೇಳುವ ಕುಟುಂಬಗಳು ಈಗಲೂ ಇವೆ.

ರಾಜ್ಯದ ಪ್ರಕರಣಗಳ ನೆರಳು

ಸ್ಥಳೀಯ ಅಭಿಪ್ರಾಯ ಸ್ಥಳೀಯ ಪ್ರಕರಣಗಳಿಂದಷ್ಟೇ ರೂಪುಗೊಂಡದ್ದಲ್ಲ. 2020ರ ಜೂನ್‌ನಲ್ಲಿ ಅತ್ಯಾಚಾರದ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ಕೊಡುತ್ತ ಕರ್ನಾಟಕ ಹೈಕೋರ್ಟ್, ಘಟನೆಯ ನಂತರ ದಣಿದು ಮಲಗಿಬಿಟ್ಟೆ ಎಂಬ ಮಹಿಳೆಯ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬರ್ಥದ ಸಾಲು ಬರೆಯಿತು. ದೇಶದಾದ್ಯಂತ ಟೀಕೆ ಬಂದು ಜುಲೈ ಮೊದಲ ವಾರದಲ್ಲೇ ಆ ಸಾಲನ್ನು ತೆಗೆದುಹಾಕಲಾಯಿತು. ಜಾಮೀನು ಹಾಗೇ ಉಳಿಯಿತು. ಇಲ್ಲಿ ತಕರಾರು ಜಾಮೀನಿನದಲ್ಲ, ಅದಕ್ಕೆ ಕೊಟ್ಟ ಕಾರಣದ್ದು. ಮರುವರ್ಷ ಅಪರ್ಣಾ ಭಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಮಾತುಗಳನ್ನು ಜಾಮೀನು ಆದೇಶಗಳಿಂದ ದೂರವಿಡಬೇಕೆಂದು ನಿರ್ದೇಶಿಸಿತು.

ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ (2017ರ ಸೆಪ್ಟೆಂಬರ್ 5) ಪ್ರಕರಣದಲ್ಲಿ ಮೊದಲ ಜಾಮೀನು ಸಿಕ್ಕಿದ್ದು 2023ರ ಡಿಸೆಂಬರ್ 7ರಂದು. ಆರೋಪಿ ಐದು ವರ್ಷ ಒಳಗಿದ್ದ. 500ಕ್ಕೂ ಹೆಚ್ಚು ಸಾಕ್ಷಿಗಳಲ್ಲಿ ನೂರು ಮಂದಿಯ ವಿಚಾರಣೆಯೂ ಆಗಿರಲಿಲ್ಲ. ವಿಚಾರಣೆ ಸದ್ಯಕ್ಕೆ ಮುಗಿಯುವ ಲಕ್ಷಣವಿಲ್ಲ ಎಂಬುದೇ ಹೈಕೋರ್ಟಿನ ಮುಖ್ಯ ಕಾರಣ. ಸುಪ್ರೀಂ ಕೋರ್ಟೂ ಕೈಹಾಕಲಿಲ್ಲ. ಆ ಬಾಗಿಲಿನಿಂದ ಉಳಿದವರೂ ಒಬ್ಬೊಬ್ಬರಾಗಿ ಬಂದರು. 2024ರ ಅಕ್ಟೋಬರಿನಲ್ಲಿ ಹಾಗೆ ಹೊರಬಂದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಜೈಕಾರ ಹಾಕಿದ್ದು ಅನೇಕರಿಗೆ ಜಾಮೀನಿಗಿಂತ ಹೆಚ್ಚು ನೋವು ಕೊಟ್ಟಿತು. ಕಾನೂನಿನಲ್ಲಿ ಹಾರಕ್ಕೆ ನಿಷೇಧವಿಲ್ಲ. ಸಾಕ್ಷಿ ಹೇಳಬೇಕಾದವನೂ ಅದೇ ಮೆರವಣಿಗೆಯನ್ನು ಮೊಬೈಲಿನಲ್ಲಿ ನೋಡಿರುತ್ತಾನೆ ಎಂಬುದು ಮಾತ್ರ ಜಾಮೀನು ಷರತ್ತು ಬರೆಯುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ.

ರೇಣುಕಸ್ವಾಮಿ ಕೊಲೆ ಪ್ರಕರಣದಲ್ಲಿ ನಟ ದರ್ಶನ್‌ಗೆ 2024ರ ಅಕ್ಟೋಬರ್ 30ರಂದು ಬೆನ್ನುನೋವಿನ ಚಿಕಿತ್ಸೆಗೆಂದು ಮಧ್ಯಂತರ ಜಾಮೀನು, ಡಿಸೆಂಬರ್ 13ರಂದು ಪೂರ್ಣ ಜಾಮೀನು ದೊರೆತವು. ಬಂಧನದ ಕಾರಣಗಳನ್ನು ಸರಿಯಾಗಿ ಬರಹದಲ್ಲಿ ಕೊಟ್ಟಿಲ್ಲ ಎಂಬುದೂ ಹೈಕೋರ್ಟ್ ಕೊಟ್ಟ ಕಾರಣಗಳಲ್ಲೊಂದು. 2025ರ ಆಗಸ್ಟ್ 14ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರು ದರ್ಶನ್ ಸೇರಿ ಏಳು ಆರೋಪಿಗಳ ಜಾಮೀನು ರದ್ದು ಮಾಡಿದರು. ಹೈಕೋರ್ಟ್ ಸಾಕ್ಷ್ಯದ ಒಳಹೊಕ್ಕು ವಿಚಾರಣೆಯನ್ನೇ ನಡೆಸಿಬಿಟ್ಟಿದೆ ಎಂದರು, ಜೈಲಿನಲ್ಲಿ ಆರೋಪಿಗಳಿಗೆ ವಿಶೇಷ ಆತಿಥ್ಯ ಕಂಡರೆ ಅಧಿಕಾರಿಗಳನ್ನೇ ಹೊಣೆ ಮಾಡುವುದಾಗಿ ಎಚ್ಚರಿಸಿದರು. ಬಿಡದಿಯ ಜಾಮೀನು ರದ್ದಾದದ್ದು ಆರೋಪಿಯ ನಡತೆಯಿಂದ, ಇದು ರದ್ದಾದದ್ದು ಆದೇಶದ ದೋಷದಿಂದ. ಕಾನೂನಿನಲ್ಲಿ ಇವೆರಡೂ ಬೇರೆಬೇರೆ ದಾರಿ, ಬೀದಿಯ ಮಾತಿನಲ್ಲಿ ಎರಡೂ ‘ಬೇಲ್ ಕ್ಯಾನ್ಸಲ್’.

ಎದುರಿಗಿಟ್ಟು ನೋಡಬೇಕಾದದ್ದು ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಪ್ರಕರಣ. 2024ರ ಮೇ 31ರಂದು ಬಂಧನ, ಜಾಮೀನು ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೂ ತಿರಸ್ಕೃತ, 2025ರ ಆಗಸ್ಟ್ 1ರಂದು ಒಂದು ಅತ್ಯಾಚಾರ ಪ್ರಕರಣದಲ್ಲಿ ದೋಷಿ, ಮರುದಿನ ಜೀವಾವಧಿ ಶಿಕ್ಷೆ. ಬಂಧನದಿಂದ ತೀರ್ಪಿಗೆ ಹದಿನಾಲ್ಕು ತಿಂಗಳು. ಜನಪ್ರತಿನಿಧಿಗಳ ಪ್ರಕರಣಗಳಿಗೆ ವಿಶೇಷ ನ್ಯಾಯಾಲಯವಿತ್ತು, ವಿಶೇಷ ತನಿಖಾ ತಂಡವಿತ್ತು, ಇಡೀ ರಾಜ್ಯದ ಕಣ್ಣಿತ್ತು. ಸಾಮಾನ್ಯ ಸೆಷನ್ಸ್ ಪ್ರಕರಣಕ್ಕೆ ಇವು ಯಾವುವೂ ಇರುವುದಿಲ್ಲ. ಆರೋಪಿಯನ್ನು ಒಳಗಿಟ್ಟೇ ವಿಚಾರಣೆ ನಡೆಸಬೇಕೆನ್ನುವವರು ಕೇಳಬೇಕಾದದ್ದು ಜಾಮೀನು ನಿರಾಕರಣೆಯನ್ನಷ್ಟೇ ಅಲ್ಲ, ಈ ವೇಗವನ್ನು. ಅದನ್ನು ಕೇಳುವ ಮೆರವಣಿಗೆ ರಾಮನಗರದ ಐಜೂರು ವೃತ್ತದಲ್ಲಿ ಅಪರೂಪ.

ಹೊಸ ನಿಯಮ

2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಬಗೆಯ ಅಪರಾಧಗಳಲ್ಲೂ ಬಂಧನದ ಕಾರಣಗಳನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ಸ್ಥಳದಲ್ಲೇ ಸಾಧ್ಯವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದಿತು. ಇಲ್ಲವಾದರೆ ಬಂಧನವೇ ಅಸಿಂಧು. ಸಾತನೂರು, ಕುದೂರು, ಅಕ್ಕೂರಿನಂಥ ಗ್ರಾಮಾಂತರ ಠಾಣೆಗಳಲ್ಲಿ ಇದರ ಅರ್ಥ ಸರಳ: ಕೊಲೆ ಆರೋಪಿಯನ್ನು ಹಿಡಿದ ರಾತ್ರಿಯೇ ಸಬ್‌ಇನ್‌ಸ್ಪೆಕ್ಟರ್ ಕೂತು, ಅಚ್ಚಿನ ಫಾರಂ ತುಂಬಿಸಿ ಕೈತೊಳೆದುಕೊಳ್ಳದೆ, ಈತನನ್ನು ಏಕೆ ಹಿಡಿದೆವು ಎಂಬುದನ್ನು ಕನ್ನಡದಲ್ಲಿ ಬರೆಯಬೇಕು, ಆತ ತಮಿಳಿನವನೋ ಹಿಂದಿಯವನೋ ಆಗಿದ್ದರೆ ಅವನ ಭಾಷೆಯಲ್ಲಿ ಬರೆಸಬೇಕು, ಪ್ರತಿಗೆ ಸಹಿ ಪಡೆದಿಡಬೇಕು. ಈ ಒಂದು ಹಾಳೆ ಇಲ್ಲದೆ ಹೋದರೆ ಪೊಲೀಸರು ಮತ್ತೆ ಅರ್ಜಿ ಹಾಕಿ, ಕಾರಣ ಬರೆದು ಕೊಟ್ಟು, ಆರೋಪಿಯನ್ನು ಮರಳಿ ವಶಕ್ಕೆ ಕೇಳಬೇಕಾಗುತ್ತದೆ.